ಗಾಡಿಮನೆಯಲ್ಲಿ ದಿನವಿಡೀ ಏನು ಕೆಲಸ ಎಂದು ಕೇಳುವವರಿಗೆ

ತೀರ್ಥಹಳ್ಳಿಯಿಂದ ನನ್ನ ಸೋದರತ್ತೆ ಫೋನ್ ಮಾಡಿದಾಗಲೆಲ್ಲ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಏನೋ ಮಾರಾಯ, ಆ ಗಾಡಿಯೊಳಗೆ ಕೂತು ದಿನವಿಡೀ ನೀವಿಬ್ಬರೂ ಮಾಡೋದಾದ್ರೂ ಏನು?” ಇಲ್ಲಿ ಭೇಟಿಯಾಗುವ ಕನ್ನಡದ ಗೆಳೆಯರೂ ಸ್ವಲ್ಪ ಸಂಕೋಚದಿಂದ ಇದನ್ನೇ ಕೇಳುತ್ತಾರೆ. ನಾನೂ ನನ್ನ ಹೆಂಡತಿಯೂ ಆರು ವರ್ಷಗಳಿಂದ ಅಮೆರಿಕದಲ್ಲಿ 28 ಅಡಿ ಉದ್ದದ ಒಂದು ಟ್ರೇಲರನ್ನೇ ಮನೆ ಮಾಡಿಕೊಂಡಿದ್ದೇವೆ. ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು ಬೇಸಿಗೆಯಲ್ಲಿ ಅದನ್ನು ಕೊಲೊರಾಡೊದ ಎತ್ತರದ ಊರುಗಳಿಗೂ ಚಳಿಗಾಲದಲ್ಲಿ ಅರಿಜೋನಾದ ಮರುಭೂಮಿಗೂ ಒಯ್ಯುತ್ತೇವೆ. ನಮಗೆ ಬೇರೆ ಮನೆಯಿಲ್ಲ. ಅತ್ತೆಗೆ ನಾನು ಕೊಡುವ ಉತ್ತರವನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ: ನೀರು ಇರಬೇಕಾದ ಕಡೆ ಇರುವಂತೆಯೂ ಇರಬಾರದ ಕಡೆ ಸುಳಿಯದಂತೆಯೂ ಕಾಯುವುದೇ ನಮ್ಮ ಮುಖ್ಯ ಕೆಲಸ.

ಟ್ರೇಲರಿನ ನೆಲದಡಿ ಮೂರು ಟ್ಯಾಂಕುಗಳಿವೆ, ಒಂದೊಂದರಲ್ಲೂ ಸುಮಾರು 150 ಲೀಟರ್ ಹಿಡಿಯುತ್ತದೆ. ಮೊದಲನೆಯದರಲ್ಲಿ ಒಳ್ಳೆಯ ನೀರು. ಅಡುಗೆಮನೆಯ ಸಿಂಕು ಮತ್ತು ಬಚ್ಚಲಿನಿಂದ ಇಳಿಯುವ ನೀರು ಸೇರುವುದು ಎರಡನೆಯದಕ್ಕೆ, ಅದನ್ನು ಗ್ರೇ ಟ್ಯಾಂಕ್ ಎನ್ನುತ್ತಾರೆ. ಮೂರನೆಯದು ಬ್ಲ್ಯಾಕ್ ಟ್ಯಾಂಕ್, ಅಂದರೆ ಪಾಯಿಖಾನೆಯದು. ಈಗ ನಾವಿರುವುದು ಅರಿಜೋನಾದ ಕ್ವಾರ್ಟ್‌ಸೈಟ್ ಪಕ್ಕದ ಲಾ ಪೋಸಾ ಎಂಬ ಬಯಲಿನಲ್ಲಿ. ಕೇಂದ್ರ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನ ಸುಪರ್ದಿಯಲ್ಲಿರುವ ಈ ಜಾಗದಲ್ಲಿ, 180 ಡಾಲರ್ ಕೊಟ್ಟು ಪಡೆದ ಪರವಾನಗಿಯ ಮೇಲೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ನಾವು ತಂಗಬಹುದು. ನಿಲ್ಲಿಸಿದ ಜಾಗದಲ್ಲಿ ನಲ್ಲಿಯೂ ಇಲ್ಲ, ಕರೆಂಟೂ ಇಲ್ಲ. ಆದ್ದರಿಂದ ತುಂಬಿಸಿಕೊಂಡು ಬಂದ 150 ಲೀಟರ್ ನೀರಿನಲ್ಲಿ ಇಬ್ಬರೂ ಹತ್ತು ದಿನ ಕಳೆಯಬೇಕು, ದಿನಕ್ಕೆ ಹದಿನೈದೇ ಲೀಟರ್.

ಮೈ ನೆನೆಸಿ, ನೀರು ನಿಲ್ಲಿಸಿ, ಸೋಪು ಹಚ್ಚಿಕೊಂಡು ಮತ್ತೆ ನೀರು ಬಿಟ್ಟರೆ ನಾಲ್ಕೈದು ಲೀಟರಿನಲ್ಲಿ ಸ್ನಾನ ಮುಗಿಯುತ್ತದೆ, ಅದೂ ದಿನ ಬಿಟ್ಟು ದಿನ. ಬಿಸಿನೀರು ಬರುವ ಮುಂಚೆ ಪೈಪಿನಲ್ಲಿ ನಿಂತಿದ್ದ ತಣ್ಣೀರು ಬರುತ್ತದಲ್ಲ, ಅದನ್ನು ತಂಬಿಗೆಯಲ್ಲಿ ಹಿಡಿದಿಟ್ಟು ಪಾತ್ರೆಗೋ ಪಾಯಿಖಾನೆಗೋ ಬಳಸುತ್ತೇವೆ. ನಮ್ಮ ಅಡುಗೆಗೆಂದೇ ಕಲಿತ ಪಾಠವೂ ಒಂದಿದೆ. ಹುಳಿಯ ತೊಗರಿಬೇಳೆ, ಅನ್ನದ ಗಂಜಿ, ಒಗ್ಗರಣೆಯ ಎಣ್ಣೆ ಇವೆಲ್ಲ ಗ್ರೇ ಟ್ಯಾಂಕಿನ ಗೋಡೆಗೆ ಹಿಡಿದುಕೊಂಡು ಒಳಗೇ ಕೊಳೆಯುತ್ತವೆ. ಬಿಸಿಲೇರಿದ ದಿನ ಆ ವಾಸನೆ ಸಿಂಕಿನ ಬಾಯಿಯಿಂದ ಮೇಲೇರಿದರೆ ಮನೆಯೊಳಗೆ ಕೂರಲಾಗುವುದಿಲ್ಲ. ಹಾಗಾಗಿ ಒಂದು ತಟ್ಟೆಯನ್ನೂ ನಾವು ಹಾಗೆಯೇ ಸಿಂಕಿಗೆ ಹಾಕುವುದಿಲ್ಲ. ಮೊದಲು ಕಾಗದದಿಂದ ಒರೆಸಿ, ಆ ಕಾಗದವನ್ನು ಕಸಕ್ಕೆ ಹಾಕಿ, ಆಮೇಲೆ ತೊಳೆಯುತ್ತೇವೆ.

ಬ್ಲ್ಯಾಕ್ ಟ್ಯಾಂಕಿನ ವಿಷಯವನ್ನು ಬಹಳ ಜನ ಕೇಳಲು ನಾಚುತ್ತಾರೆ, ಆದರೆ ಹೊಸಬರು ಮೊಟ್ಟಮೊದಲು ತಿಳಿಯಬೇಕಾದದ್ದು ಅದನ್ನೇ. ಮೊದಲ ತಿಂಗಳು ನಾವು ಚರಂಡಿಯ ಜೋಡಣೆಯಿದ್ದ ಒಂದು ಕ್ಯಾಂಪಿನಲ್ಲಿದ್ದೆವು. ಎಲ್ಲವೂ ತಾನಾಗಿ ಹರಿದುಹೋಗಲಿ ಎಂದು ಟ್ಯಾಂಕಿನ ವಾಲ್ವನ್ನು ತೆರೆದೇ ಇಟ್ಟೆ. ಹರಿದುಹೋದದ್ದು ನೀರು ಮಾತ್ರ. ಗಟ್ಟಿಯಾದದ್ದು ಕೊಳವೆಯ ಕೆಳಗೆ ಗುಡ್ಡೆಯಾಗಿ ಒಣಗಿ ಕುಳಿತಿತು, ಅದನ್ನು ಕರಗಿಸಲು ಮೂರು ದಿನ ಹಿಡಿಯಿತು. ವಾಲ್ವ್ ಮುಚ್ಚಿಯೇ ಇರಬೇಕು, ಒಳಗೆ ಧಾರಾಳವಾಗಿ ನೀರಿರಬೇಕು, ಟ್ಯಾಂಕ್ ಮುಕ್ಕಾಲು ಪಾಲು ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ಆ ರಭಸಕ್ಕೆ ಮಾತ್ರ ಎಲ್ಲವೂ ಕೊಚ್ಚಿಕೊಂಡು ಹೋಗುತ್ತದೆ. ಕೈಗವಸು ಹಾಕಿಕೊಂಡು, ದಪ್ಪ ಪೈಪಿನ ಒಂದು ತುದಿಯನ್ನು ಗಾಡಿಗೂ ಇನ್ನೊಂದನ್ನು ಚರಂಡಿಗೆ ಇಳಿಯುವ ನೆಲದ ಗುಂಡಿಗೂ ತಿರುಗಿಸಿ ಕೂರಿಸಿ, ಮೊದಲು ಬ್ಲ್ಯಾಕ್ ವಾಲ್ವನ್ನು ಎಳೆಯುತ್ತೇನೆ. ಜೋಡಣೆಯ ಬಳಿ ಪಾರದರ್ಶಕವಾದ ಒಂದು ತುಂಡು ಕೊಳವೆಯಿದೆ. ಅದರೊಳಗಿನ ಹರಿವು ತಿಳಿಯಾಗುವವರೆಗೂ ಕಾಯುತ್ತೇನೆ. ಆಮೇಲೆ ಬ್ಲ್ಯಾಕ್ ವಾಲ್ವನ್ನು ಮುಚ್ಚಿ ಗ್ರೇ ವಾಲ್ವ್ ತೆರೆದರೆ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಬಾರದು. ಗುಂಡಿಯ ಪಕ್ಕದ ನಲ್ಲಿ ಪೈಪು ತೊಳೆಯುವುದಕ್ಕಷ್ಟೇ ಇರುವುದು. ಕುಡಿಯುವ ನೀರಿನ ಬಿಳಿ ಪೈಪನ್ನು ಅದರ ಹತ್ತಿರವೂ ತರುವುದಿಲ್ಲ.

ಇನ್ನು ಇರಬಾರದ ಕಡೆ ಬರುವ ನೀರು. ನನ್ನ ಅಪ್ಪ ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಮಾಡು ಹತ್ತಿ, ಒಡೆದ ಹಂಚುಗಳನ್ನು ತೆಗೆದು ಬೇರೆ ಹೊದಿಸುತ್ತಿದ್ದರು. ನಾನು ಮೂರು ತಿಂಗಳಿಗೊಮ್ಮೆ ಏಣಿ ಹಾಕುತ್ತೇನೆ. ನಮ್ಮ ಟ್ರೇಲರಿನ ಮಾಡು ತೆಳುವಾದ ರಬ್ಬರ್ ಹಾಳೆಯದು. ಗಾಳಿಕಿಂಡಿ, ಬೆಳಕಿಂಡಿ, ಆಂಟೆನಾಗಳಿಗಾಗಿ ಅದನ್ನು ಕೊರೆದ ಕಡೆಯೆಲ್ಲ ನೀರು ಇಳಿಯದಂತೆ ಸೀಲಂಟ್ ಎಂಬ ಅಂಟು ಹಾಕಿರುತ್ತಾರೆ. ಬಿಸಿಲಿಗೆ ಅದು ಒಣಗಿ ಬಿರಿಯುತ್ತದೆ, ಗಾಡಿ ಓಡುವಾಗಿನ ಅಲುಗಾಟಕ್ಕೆ ಬಿರುಕು ಅಗಲವಾಗುತ್ತದೆ. ಮೂರನೆಯ ವರ್ಷ ಬಚ್ಚಲಿನ ಗಾಳಿಕಿಂಡಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಒಂದು ದಿನ ಹೆಂಡತಿ ಬಟ್ಟೆಯ ಕಪಾಟಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ, “ರೀ, ಇಲ್ಲಿ ಹಲಗೆ ಮೆತ್ತಗಾಗಿದೆ ನೋಡಿ” ಎಂದಳು. ಒಳಗಿನ ಪ್ಲೈವುಡ್ ನೆನೆದ ರಸ್ಕಿನ ಹಾಗೆ ಪದರು ಪದರಾಗಿ ಬಿಟ್ಟುಕೊಂಡಿತ್ತು. ಅಷ್ಟು ಭಾಗವನ್ನು ಕತ್ತರಿಸಿ ಹೊಸದು ಕೂರಿಸುವುದಕ್ಕೆ ಎರಡು ವಾರ ಬೇಕಾಯಿತು. ಈಗ ಮೇಲಿನ ಬಿರುಕುಗಳನ್ನು ನಾನು ನೋಡುತ್ತೇನೆ, ಒಳಗಿನ ಮೂಲೆಗಳನ್ನೆಲ್ಲ ಅವಳು ಒತ್ತಿ ನೋಡುತ್ತಾಳೆ. ಸೀಲಂಟ್ ಹಾಕುವ ಮುಂಚೆ ಅದು ರಬ್ಬರ್ ಮಾಡಿಗೆ ಹೊಂದುವಂಥದ್ದೇ ಎಂದು ಡಬ್ಬಿಯ ಮೇಲೆ ಓದಿಯೇ ಕೊಳ್ಳಬೇಕು. ಪೆಟ್ರೋಲಿಯಂ ಅಂಶವಿರುವ ಕ್ಲೀನರುಗಳು ಆ ಹಾಳೆಯನ್ನೇ ಉಬ್ಬಿಸಿ ಕೆಡಿಸುತ್ತವೆ.

ಹೆಪ್ಪುಗಟ್ಟುವ ನೀರೂ ಅಷ್ಟೇ ಅಪಾಯದ್ದು. ಫ್ಲ್ಯಾಗ್‌ಸ್ಟಾಫ್ ಇರುವುದೂ ಅರಿಜೋನಾದಲ್ಲೇ, ಆದರೆ ಸುಮಾರು 2,100 ಮೀಟರ್ ಎತ್ತರದಲ್ಲಿ. ಅಕ್ಟೋಬರಿನ ಒಂದು ರಾತ್ರಿ ಅಲ್ಲಿ ಹೊರಗಿನ ನಲ್ಲಿಯ ಪೈಪನ್ನು ಬಿಚ್ಚದೆ ಮಲಗಿದೆವು. ಬೆಳಗಾಗುವಷ್ಟರಲ್ಲಿ ನೀರಿನ ಫಿಲ್ಟರಿನ ಪ್ಲಾಸ್ಟಿಕ್ ಹೊದಿಕೆ ಉದ್ದಕ್ಕೂ ಸೀಳಿತ್ತು. ಅಂದಿನಿಂದ ರಾತ್ರಿಯ ತಾಪ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುತ್ತದೆಂದರೆ ಪೈಪು ಬಿಚ್ಚಿ ಬಸಿದು ಒಳಗಿಡುತ್ತೇವೆ, ಒಳಗಿನ ಟ್ಯಾಂಕಿನ ನೀರನ್ನೇ ಬಳಸುತ್ತೇವೆ.

ಕರೆಂಟಿನ ಲೆಕ್ಕ ಇದಕ್ಕಿಂತ ಸುಲಭ. ಕ್ಯಾಂಪುಗಳಲ್ಲಿ ನಮ್ಮ ಗಾಡಿಗೆ ಸಿಗುವುದು 120 ವೋಲ್ಟಿನ 30 ಆಂಪಿಯರ್, ಅಂದರೆ 3,600 ವ್ಯಾಟ್. ಏಸಿ ಓಡುವಾಗ ಮೈಕ್ರೊವೇವ್ ಮತ್ತು ನೀರು ಕಾಯಿಸುವ ಕೆಟಲ್ ಎರಡನ್ನೂ ಹಾಕಿದರೆ ಬ್ರೇಕರ್ ಬೀಳುತ್ತದೆ. ಬಯಲಿನಲ್ಲಿರುವಾಗ ಸೋಲಾರ್ ಇದೆ. ಚಟ್ನಿ ರುಬ್ಬುವುದನ್ನು ಬಿಸಿಲು ಚೆನ್ನಾಗಿರುವ ಹನ್ನೊಂದು ಗಂಟೆಗೆ ಇಟ್ಟುಕೊಂಡಿದ್ದೇವೆ. ಟೈರುಗಳದೊಂದು ಮಾತು ಹೇಳಲೇಬೇಕು. ಟ್ರೇಲರಿನ ಟೈರುಗಳು ಸವೆಯುವ ಮುಂಚೆ ವಯಸ್ಸಾಗಿಯೇ ಕೆಡುತ್ತವೆ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ 2321 ಎಂದಿದ್ದರೆ ಅದು 2021ರ 23ನೆಯ ವಾರದ ಟೈರು. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಾಗಿ ಕಂಡರೂ ಐದಾರು ವರ್ಷಕ್ಕೆ ಬದಲಿಸುತ್ತೇವೆ.

ಇಷ್ಟನ್ನೆಲ್ಲ ಕೇಳಿಸಿಕೊಂಡ ಮೇಲೆ ಅತ್ತೆ ಕಳೆದ ವಾರ, “ಹಾಗಾದ್ರೆ ಸುತ್ತಾಡೋದು ಯಾವಾಗ?” ಎಂದರು. ಬೆಳಗಿನ ಈ ಕೆಲಸಗಳು ಹತ್ತೂವರೆಗೆ ಮುಗಿದರೆ ಉಳಿದ ಹೊತ್ತೆಲ್ಲ ನಮ್ಮದೇ ಎಂದು ಹೇಳಿದೆ. ನಾಳೆ ಮಾತ್ರ ಹಾಗಾಗುವುದಿಲ್ಲ. ಇವತ್ತಿಗೆ ಒಂಬತ್ತನೆಯ ದಿನ, ಗ್ರೇ ಟ್ಯಾಂಕ್ ತುಂಬುತ್ತ ಬಂದಿದೆ. ಏಳಕ್ಕೇ ಗಾಡಿ ಕಟ್ಟಿ ಟ್ಯಾಂಕ್ ಖಾಲಿ ಮಾಡುವ ಜಾಗಕ್ಕೆ ಹೊರಡಬೇಕು, ಎಂಟರ ಮೇಲೆ ಅಲ್ಲಿ ಸಾಲು ಬೆಳೆಯುತ್ತದೆ.