‘ನರಕ್ಕೆ ಏನೂ ಆಗುದಿಲ್ಲ ಅಲ್ಲ ಡಾಕ್ಟ್ರೇ?’: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸೊಂಟದ ಕೀಲಿನ ಅಥವಾ ಪೆಲ್ವಿಸ್ ಮೂಳೆಯ ಶಸ್ತ್ರಚಿಕಿತ್ಸೆ ಎಂದು ನಿಶ್ಚಯವಾದ ಗಳಿಗೆಯಿಂದ ರೋಗಿಯನ್ನು ಥಿಯೇಟರಿನ ಒಳಗೆ ಕರೆದೊಯ್ಯುವವರೆಗೆ ಮನೆಯವರು ಒಬ್ಬರಾದ ಮೇಲೊಬ್ಬರು ಬಂದು ಕೇಳುವುದು ಇದೊಂದನ್ನೇ: ‘ನರಕ್ಕೆ ಏನೂ ಆಗುದಿಲ್ಲ ಅಲ್ಲ ಡಾಕ್ಟ್ರೇ?’ ಮಂಗಳೂರಿನ ಒಪಿಡಿಯಲ್ಲಿ ಕೇಳುತ್ತಾರೆ, ಮದುವೆಮನೆಯಲ್ಲಿ ಕೈ ತೊಳೆಯುವಲ್ಲಿ ನಿಲ್ಲಿಸಿ ಕೇಳುತ್ತಾರೆ, ರಾತ್ರಿ ಫೋನ್ ಮಾಡಿಯೂ ಕೇಳುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದಿಡುತ್ತಿದ್ದೇನೆ. ಏನೂ ಆಗುವುದಿಲ್ಲವೆಂದು ನಾನು ಮಾತು ಕೊಡುವುದಿಲ್ಲ. ಹಾಗೆ ಮಾತು ಕೊಡುವ ವೈದ್ಯರು ನಿಮಗೆ ಸಿಕ್ಕಿದರೆ ಅವರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಡಿ.

ನನಗೆ ಬೇಸರ ತರುವುದು ನಿಮ್ಮ ಭಯವಲ್ಲ, ಆ ‘ಅಲ್ಲ’ ಎಂಬ ಕೊನೆಯ ತುಂಡು. ಉತ್ತರವನ್ನು ನೀವೇ ತಂದು ನನ್ನಿಂದ ಹೂಂ ಅನ್ನಿಸಿಕೊಂಡು ಹೋಗಲು ಬಂದಿರುತ್ತೀರಿ. ಹೂಂ ಅಂದರೆ ನಿಮಗೆ ಸಮಾಧಾನವಾಗುತ್ತದೆ, ಆದರೆ ನಿಮ್ಮವರ ಕಾಲಿನ ಬಗ್ಗೆ ನಿಮಗಾಗಲಿ ನನಗಾಗಲಿ ಹೊಸದೇನೂ ತಿಳಿದಿರುವುದಿಲ್ಲ.

ಮೊದಲು ಆ ಜಾಗ ಹೇಗಿದೆಯೆಂದು ತಿಳಿದುಕೊಳ್ಳಿ. ಪೆಲ್ವಿಸ್ ಒಂದು ಉಂಗುರ. ಹಿಂದೆ ಬೆನ್ನುಹುರಿಯ ಕಂಬದ ಬುಡದಲ್ಲಿರುವ ತ್ರಿಕಾಸ್ಥಿ, ಅದರ ಎರಡೂ ಪಕ್ಕಗಳಲ್ಲಿ ಒಂದೊಂದು ಸೊಂಟದ ಮೂಳೆ. ಇವು ಮುಂದೆ ಪ್ಯೂಬಿಸ್‌ನಲ್ಲಿ ಸೇರುತ್ತವೆ. ಹಿಂದಿನ ಎರಡು ಸಂದುಗಳಿಗೆ ನಾವು ಎಸ್‌ಐ ಜಾಯಿಂಟ್ ಎನ್ನುತ್ತೇವೆ. ಅವು ಅಲುಗುವುದು ಕೆಲವೇ ಮಿಲಿಮೀಟರಿನಷ್ಟು, ಆದರೆ ಮೈಯ ಭಾರವೆಲ್ಲ ಅವುಗಳ ಮೂಲಕವೇ ಕಾಲಿಗೆ ಇಳಿಯುತ್ತದೆ. ಸೊಂಟದ ಮೂಳೆಯ ಹೊರಮೈಯಲ್ಲಿರುವ ಬಟ್ಟಲಿನಲ್ಲಿ ತೊಡೆಮೂಳೆಯ ಗುಂಡು ಕುಳಿತಿದೆ. ಸಾಮಾನ್ಯವಾಗಿ ಬದಲಾಯಿಸುವುದು ಈ ಕೀಲನ್ನು. ಕಾಲಿಗೆ ಹೋಗುವ ನರಗಳಿಗೆ ಬೇರೆ ದಾರಿಯಿಲ್ಲ, ಈ ಉಂಗುರವನ್ನು ದಾಟಿಯೇ ಹೋಗಬೇಕು. ಬೆನ್ನಿನ ಐದನೆಯ ಸೊಂಟದ ನರ, ಅಂದರೆ ಎಲ್5, ತ್ರಿಕಾಸ್ಥಿಯ ರೆಕ್ಕೆಯ ಮೇಲೆ ಮೂಳೆಗೆ ಅಂಟಿಕೊಂಡಂತೆ ಹಾಯುತ್ತದೆ. ಎಸ್‌ಐ ಜಾಯಿಂಟಿನಿಂದ ಅದಕ್ಕಿರುವ ದೂರ ಒಂದೆರಡು ಸೆಂಟಿಮೀಟರ್ ಮಾತ್ರ. ಮುಂದಿನಿಂದ ಪ್ಲೇಟ್ ಹಾಕುವಾಗ ರಿಟ್ರಾಕ್ಟರನ್ನು, ಅಂದರೆ ಮಾಂಸವನ್ನು ಪಕ್ಕಕ್ಕೆ ಸರಿಸಿ ಹಿಡಿಯುವ ಉಪಕರಣವನ್ನು, ಅಷ್ಟರೊಳಗೆ ನಿಲ್ಲಿಸಿಕೊಳ್ಳಬೇಕು.

ಎಲ್4ರಿಂದ ಎಸ್3ರವರೆಗಿನ ನರದ ಬೇರುಗಳು (‘ಎಸ್’ ಎಂದರೆ ತ್ರಿಕಾಸ್ಥಿಯವು) ಕೂಡಿ ಸಯಾಟಿಕ್ ನರವಾಗುತ್ತದೆ. ದೇಹದಲ್ಲಿ ಅದಕ್ಕಿಂತ ದಪ್ಪನೆಯ ನರ ಇನ್ನೊಂದಿಲ್ಲ. ಆರಂಭದಲ್ಲಿ ಅದರ ಅಗಲವೇ ಸುಮಾರು 2 ಸೆಂಟಿಮೀಟರ್. ಅದು ಪೈರಿಫಾರ್ಮಿಸ್ ಎಂಬ ಸ್ನಾಯುವಿನ ಕೆಳಗಿನಿಂದ ಪೃಷ್ಠಕ್ಕೆ ಇಳಿದು, ಸೊಂಟದ ಕೀಲಿನ ಬೆನ್ನಹಿಂದೆಯೇ ಸಾಗುತ್ತದೆ. ಕೆಲವರಲ್ಲಿ ಅದು ಮೊದಲೇ ಎರಡಾಗಿ, ಒಂದು ಭಾಗ ಆ ಸ್ನಾಯುವನ್ನು ಸೀಳಿಕೊಂಡು ಬರುತ್ತದೆ, ಇದು ಅಪರೂಪವೇನಲ್ಲ. ಆದ್ದರಿಂದ ಪುಸ್ತಕದ ಚಿತ್ರವನ್ನು ನಂಬಿ ಯಾರೂ ಕತ್ತರಿ ಆಡಿಸುವುದಿಲ್ಲ. ಮಣಿಪಾಲದ ಅನಾಟಮಿ ಮ್ಯೂಸಿಯಂ ಸಾರ್ವಜನಿಕರಿಗೂ ತೆರೆದಿದೆ. ಒಮ್ಮೆ ಹೋಗಿ ನೋಡಿ ಬನ್ನಿ, ಆಮೇಲೆ ನಾವು ಮಾತಾಡುವುದು ಸುಲಭವಾಗುತ್ತದೆ.

ಇನ್ನು ‘ನರ ಕಟ್ ಆಗುವುದು’. ಚಾಕು ತಗಲಿ ಈ ನರ ತುಂಡಾಗುವುದು ಬಹಳ ಅಪರೂಪ. ಅದಕ್ಕೆ ಏಟಾಗುವುದು ಎಳೆತದಿಂದ ಮತ್ತು ಒತ್ತಡದಿಂದ: ಕಾಲನ್ನು ಉದ್ದ ಮಾಡುವಾಗ, ರಿಟ್ರಾಕ್ಟರಿನ ತುದಿ ಅದರ ಮೇಲೆ ಕುಳಿತಾಗ, ಶಸ್ತ್ರಚಿಕಿತ್ಸೆಯ ನಂತರ ರಕ್ತ ಗೂಡುಕಟ್ಟಿದಾಗ. ಬಟ್ಟಲಿನ ಹಿಂಗೋಡೆ ಒಡೆದಾಗ ನಾವು ಹಿಂದಿನಿಂದ, ಕೋಖರ್-ಲಾಂಗೆನ್‌ಬೆಕ್ ಎಂಬ ದಾರಿಯಲ್ಲಿ ಹೋಗುತ್ತೇವೆ. ಅಲ್ಲಿ ನನ್ನ ಕೈಯಷ್ಟೇ ಮುಖ್ಯವಾದ ಕೈ ಇನ್ನೊಬ್ಬರದು: ಕಾಲು ಹಿಡಿದು ನಿಂತಿರುವ ಸಹಾಯಕ ವೈದ್ಯರದು. ಸೊಂಟವನ್ನು ನೇರವಾಗಿಯೂ ಮೊಣಕಾಲನ್ನು 90 ಡಿಗ್ರಿ ಮಡಚಿಯೂ ಹಿಡಿದಿದ್ದರೆ ನರ ಸಡಿಲವಾಗಿರುತ್ತದೆ. ಕೈ ಸೋತು ಮೊಣಕಾಲು ನೆಟ್ಟಗಾದರೆ ಅದು ಬಿಗಿಯುತ್ತದೆ. ‘ಮೊಣಕಾಲು ಮಡಚು’ ಎಂದು ನಾನು ಗಂಟೆಗಟ್ಟಲೆ ಹೇಳುತ್ತಲೇ ಇರುತ್ತೇನೆ. ಆಬ್ಚುರೇಟರ್ ಇಂಟರ್ನಸ್ ಸ್ನಾಯುವಿನ ತುದಿಯನ್ನು ತೊಡೆಮೂಳೆಯಿಂದ ಬಿಡಿಸಿ ಹಿಂದಕ್ಕೆ ಮಗುಚುತ್ತೇವೆ. ಆಗ ಲೋಹಕ್ಕೂ ನರಕ್ಕೂ ನಡುವೆ ಆ ಸ್ನಾಯು ಅಡ್ಡವಿರುತ್ತದೆ. ಎಸ್‌ಐ ಜಾಯಿಂಟಿಗೆ ಸ್ಕ್ರೂ ಹಾಕುವಾಗಿನ ಕಷ್ಟ ಬೇರೆ. ಸುಮಾರು 7 ಮಿಲಿಮೀಟರ್ ದಪ್ಪದ ಸ್ಕ್ರೂ ಎಸ್1 ಮೂಳೆಯೊಳಗೇ, ಅಂದರೆ ತ್ರಿಕಾಸ್ಥಿಯ ಮೊದಲ ತುಂಡಿನೊಳಗೇ ಉಳಿಯಬೇಕು. ಮುಂದೆ ಎಲ್5 ನರ, ಕೆಳಗೆ ಎಸ್1 ನರದ ರಂಧ್ರ, ಹಿಂದೆ ಬೆನ್ನುಹುರಿಯ ನಾಳ. ಕೆಲವರ ತ್ರಿಕಾಸ್ಥಿಯ ಮೇಲ್ಭಾಗದ ಆಕಾರವೇ ಬೇರೆಯಾಗಿದ್ದು ಈ ಓಣಿ ಇನ್ನೂ ಕಿರಿದಾಗಿರುತ್ತದೆ. ಸಿಟಿ ಸ್ಕ್ಯಾನನ್ನು ಮೊದಲೇ ನೋಡುವುದು, ಥಿಯೇಟರಿನ ಎಕ್ಸ್‌ರೇ ಯಂತ್ರವಾದ ಸಿ-ಆರ್ಮ್‌ನಲ್ಲಿ ಮೂರು ಕೋನಗಳಿಂದ ಮತ್ತೆ ಮತ್ತೆ ಚಿತ್ರ ತೆಗೆಯುವುದು ಇದಕ್ಕಾಗಿ. ‘ಇಷ್ಟು ಸಣ್ಣ ಗಾಯಕ್ಕೆ ಇಷ್ಟು ಹೊತ್ತು ಯಾಕೆ’ ಎಂದು ಕೇಳುವವರಿಗೂ ಇದೇ ಉತ್ತರ.

ಮೊದಲ ಬಾರಿಗೆ ಸೊಂಟದ ಕೀಲು ಬದಲಾಯಿಸುವಾಗ ನರಕ್ಕೆ ಏಟಾಗುವುದು ಸುಮಾರು ನೂರರಲ್ಲಿ ಒಬ್ಬರಿಗೆ. ಹುಟ್ಟಿನಿಂದಲೇ ಕೀಲು ಸರಿಯಾಗಿ ಬೆಳೆಯದವರಲ್ಲಿ, ಎರಡನೆಯ ಸಲದ ಶಸ್ತ್ರಚಿಕಿತ್ಸೆಯಲ್ಲಿ ಇದಕ್ಕಿಂತ ಹೆಚ್ಚು. ಅಪಘಾತದಲ್ಲಿ ಕೀಲು ಹಿಂದಕ್ಕೆ ತಪ್ಪಿ ಬಂದವರ ಲೆಕ್ಕ ಬೇರೆಯೇ: ಅವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ನಾವು ಮುಟ್ಟುವ ಮೊದಲೇ ನರಕ್ಕೆ ಏಟಾಗಿರುತ್ತದೆ. ಇದನ್ನು ಯಾರೂ ಕೇಳುವುದಿಲ್ಲ.

ಕುಂದಾಪುರದ ಕಡೆ ಹೆದ್ದಾರಿ 66ರಲ್ಲಿ ಕಾರು ಲಾರಿಗೆ ಗುದ್ದಿ, ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿದು, ಸೊಂಟದ ಕೀಲು ಹಿಂದಕ್ಕೆ ತಪ್ಪಿದ್ದ ಯುವಕನೊಬ್ಬನನ್ನು ಮರುದಿನ ನಮ್ಮಲ್ಲಿಗೆ ಕರೆತಂದರು. ರಾತ್ರಿಯಿಡೀ ಬೇರೊಂದು ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ಜೊತೆಗಿದ್ದ ಚೀಟಿಯಲ್ಲಿ ‘ಕಾಲಿನ ಚಲನೆ ಸರಿಯಿದೆ’ ಎಂಬ ಒಂದು ಸಾಲಿತ್ತು. ಯಾರು ನೋಡಿದ್ದು, ಎಷ್ಟು ಗಂಟೆಗೆ ಎಂಬುದಿರಲಿಲ್ಲ. ಅವನ ಭಾವ ನನ್ನನ್ನು ಕಂಡೊಡನೆ ಆ ಮಾಮೂಲು ಪ್ರಶ್ನೆ ಕೇಳಿದರು. ನಾನು ಅವರನ್ನು ಮಂಚದ ಪಕ್ಕಕ್ಕೆ ಕರೆದು, ಹುಡುಗನಿಗೆ ‘ಕಾಲಿನ ಹೆಬ್ಬೆರಳನ್ನು ನಿನ್ನ ಮುಖದ ಕಡೆಗೆ ಎತ್ತು’ ಎಂದೆ. ಬೆರಳು ಏಳಲಿಲ್ಲ. ಇನ್ನೊಂದು ಕಾಲಿನದು ಕೂಡಲೇ ಎದ್ದಿತು. ‘ನೋವಿಗೆ ಎತ್ತುದಿಲ್ಲ ಡಾಕ್ಟ್ರೇ’ ಎಂದರು ಭಾವ. ನೋವಲ್ಲ, ಪಾದವನ್ನು ಕೆಳಕ್ಕೆ ಅವನು ಚೆನ್ನಾಗಿಯೇ ಒತ್ತುತ್ತಿದ್ದ. ಹೊತ್ತು ನಮೂದಿಸಿ ಅದನ್ನು ಕೇಸ್ ಶೀಟಿನಲ್ಲಿ ಬರೆದು, ಅವರಿಂದಲೇ ಸಹಿ ಹಾಕಿಸಿದೆ. ಆಗಲೇ ಅರಿವಳಿಕೆ ಕೊಟ್ಟು ಕೀಲನ್ನು ಕೂರಿಸಿದೆವು. ಬಟ್ಟಲಿನ ಹಿಂಗೋಡೆಯೂ ಒಡೆದಿತ್ತು, ಅದರ ಶಸ್ತ್ರಚಿಕಿತ್ಸೆ ಆಮೇಲೆ ನಡೆಯಿತು. ನರ ತುಂಡಾಗಿರಲಿಲ್ಲ, ಜಜ್ಜಿ ಕೆಂಪಾಗಿತ್ತು. ವಾರ್ಡಿಗೆ ಬಂದ ನಂಟರೆಲ್ಲ ಜೋತುಬಿದ್ದ ಪಾದವನ್ನು ನೋಡಿ ‘ಆಪರೇಶನಿನಲ್ಲಿ ನರ ಕಟ್ ಮಾಡಿದ್ದಾರೆ’ ಎಂದು ಗಲಾಟೆ ಎಬ್ಬಿಸಿದಾಗ ಅವರಿಗೆ ಎದುರು ನಿಂತದ್ದು ಆ ಭಾವನೇ. ‘ಮೊದಲೇ ಏಳ್ತಾ ಇರಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ’ ಎಂದರು.

ಹೆಬ್ಬೆರಳನ್ನೇ ಯಾಕೆ ನೋಡುತ್ತೇವೆ? ಅದನ್ನು ಎತ್ತುವ ಸ್ನಾಯುವಿಗೆ ಅಪ್ಪಣೆ ಬರುವುದು ಮುಖ್ಯವಾಗಿ ಎಲ್5ರಿಂದ, ಸಯಾಟಿಕ್ ನರದ ಎರಡು ಭಾಗಗಳಲ್ಲಿ ಒಂದಾದ ಪೆರೋನಿಯಲ್ ಭಾಗದ ಮೂಲಕ. ಎಸ್‌ಐ ಜಾಯಿಂಟಿನ ಎದುರು ಏಟಾದರೂ ಸೊಂಟದ ಕೀಲಿನ ಹಿಂದೆ ಏಟಾದರೂ ಮೊದಲು ಸೋಲುವುದು ಅದೇ. ಪೆರೋನಿಯಲ್ ಭಾಗ ಎರಡು ಗೂಟಕ್ಕೆ ಕಟ್ಟಿದ ದೋಣಿಯ ಹಗ್ಗದಂತಿದೆ: ಮೇಲೆ ಪೆಲ್ವಿಸ್‌ನಿಂದ ಹೊರಬರುವಲ್ಲಿ ಒಂದು ಹಿಡಿತ, ಕೆಳಗೆ ಮೊಣಕಾಲಿನ ಹೊರಬದಿಯ ಮೂಳೆಯ ಕುತ್ತಿಗೆಯಲ್ಲಿ ಇನ್ನೊಂದು. ನಡುವೆ ಎಳೆದರೆ ಸರಿಯಲು ಜಾಗವಿಲ್ಲ. (ನನ್ನ ಚಾಕುವಿಗೆ ಇಷ್ಟು ಹೆದರುವವರು ಜ್ವರ ಬಂದ ಮಗುವಿನ ಪೃಷ್ಠಕ್ಕೆ ಸಿಕ್ಕಿದಲ್ಲಿ ಇಂಜೆಕ್ಷನ್ ಚುಚ್ಚಿಸುವಾಗ ಸುಮ್ಮನಿರುತ್ತಾರೆ. ಸೂಜಿ ತಪ್ಪಿ ಕೆಳಗೆ ಒಳಬದಿಗೆ ಹೋದರೆ ತಗಲುವುದು ಇದೇ ನರಕ್ಕೆ.)

ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಬೇರೆ: ‘ಡಾಕ್ಟ್ರೇ, ಈಗ ಬೆರಳು ಏಳ್ತದಾ? ಯಾರು ನೋಡಿದ್ದು, ಎಷ್ಟು ಗಂಟೆಗೆ?’ ಕೀಲು ತಪ್ಪಿದ್ದರೆ ಇನ್ನೊಂದನ್ನೂ ಕೇಳಿ: ‘ಯಾವಾಗ ಕೂರಿಸುತ್ತೀರಿ?’ ಆರು ಗಂಟೆಯೊಳಗೆ ಕೂರಿಸಬೇಕೆಂದು ನಾವು ಹೊರಡುವುದು ನರಕ್ಕಾಗಿ ಮಾತ್ರವಲ್ಲ, ತೊಡೆಮೂಳೆಯ ಗುಂಡಿಗೆ ರಕ್ತ ನಿಲ್ಲಬಾರದೆಂದೂ ಹೌದು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಇಡೀ ರಾತ್ರಿ ಕಳೆದ ಮೇಲೆ ನನ್ನಿಂದ ಭರವಸೆ ಕೇಳಿ ಪ್ರಯೋಜನವಿಲ್ಲ.

ಏಟಾದ ನರ ಬರಿಯ ಎಳೆತದ್ದಾದರೆ ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸಬಹುದು. ಒಳಗಿನ ಎಳೆಗಳು ಹರಿದಿದ್ದರೆ ಅವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯಬೇಕು; ಪೃಷ್ಠದಿಂದ ಮೊಣಕಾಲಿನ ಕೆಳಗಿನ ಸ್ನಾಯುವಿಗೆ ತಲುಪಲು ಒಂದು ವರ್ಷಕ್ಕೂ ಮೇಲೆ ಬೇಕು, ಎಲ್ಲರಲ್ಲೂ ತಲುಪುವುದಿಲ್ಲ. ಅಲ್ಲಿಯವರೆಗೆ ಪಾದ ಎಡವದಂತೆ ಸ್ಪ್ಲಿಂಟ್ ಹಾಕಿ ನಡೆಸುತ್ತೇವೆ, ಹಿಮ್ಮಡಿ ಬಿಗಿಯದಂತೆ ದಿನವೂ ವ್ಯಾಯಾಮ ಮಾಡಿಸುತ್ತೇವೆ.

ಶಸ್ತ್ರಚಿಕಿತ್ಸೆ ಮುಗಿದ ಸಂಜೆ ರೋಗಿಯ ಪಕ್ಕದಲ್ಲಿ ಕೂರುವವರು ಒಂದು ಕೆಲಸ ಮಾಡಿ. ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿಯಲು ಕೆಲವು ಗಂಟೆ ಬೇಕು, ಅಷ್ಟರವರೆಗೆ ಎರಡು ಕಾಲೂ ಜಡವಾಗಿರುವುದು ಸಹಜ. ಆಮೇಲೆ ಎರಡೂ ಹೆಬ್ಬೆರಳುಗಳನ್ನು ಎತ್ತಿಸಿ ನೋಡಿ, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದಿಯಲ್ಲಿ ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿ. ಒಂದು ಕಾಲಿನ ಬೆರಳು ಎದ್ದು ಇನ್ನೊಂದರದು ಏಳದಿದ್ದರೆ, ಅಥವಾ ಮೊದಲು ಎದ್ದದ್ದು ಆಮೇಲೆ ನಿಂತು ಪೃಷ್ಠದಲ್ಲಿ ನೋವು ಏರುತ್ತಿದ್ದರೆ, ಬೆಳಗಿನ ರೌಂಡ್ಸ್ ಬರಲಿ ಎಂದು ಕಾಯಬೇಡಿ. ಒಳಗೆ ರಕ್ತ ಕಟ್ಟಿ ಒತ್ತುತ್ತಿದ್ದರೆ ಕೂಡಲೇ ತೆಗೆಯಬಹುದು, ಮೊಣಕಾಲಿನಡಿ ದಿಂಬಿಟ್ಟು ಮಂಚದ ತಲೆಭಾಗ ಇಳಿಸಿದರೆ ಎಳೆತವೂ ತಗ್ಗುತ್ತದೆ. ಸಿಸ್ಟರಿಗೆ ಹೇಳಿ, ಡ್ಯೂಟಿ ಡಾಕ್ಟರನ್ನು ಎಬ್ಬಿಸಿ, ರಾತ್ರಿ ಎರಡು ಗಂಟೆಯಾದರೂ ನನ್ನನ್ನು ಕರೆಸಿ.