ವೆಬ್ ಸರ್ವಿಸ್ ನಿಧಾನ ಖರೆ, ಆದ್ರ ಭೀಮಾ ಹೊಳಿ ಅದಕ್ಕಿಂತ ನಿಧಾನ

ಒಂದ್ ದೊಡ್ಡ ಸಿಮ್ಯುಲೇಷನ್ (ಕಂಪ್ಯೂಟರಿನಾಗ ಮಾಡೋ ಜಗತ್ತಿನ ನಕಲು) ಅನ್ನ ನಾಕೈದು ಮಷಿನಿಗೆ ಹಂಚಿ, ಅವು ಒಂದಕ್ಕೊಂದು ವೆಬ್ ಸರ್ವಿಸ್ ಮೂಲಕ, ಅಂದ್ರ ಇಂಟರ್ನೆಟ್ ಮ್ಯಾಲ ಒಂದು ಪ್ರೋಗ್ರಾಂ ಇನ್ನೊಂದನ್ನ ಕೇಳಿ ಉತ್ತರ ತಗೊಳ್ಳೋ ದಾರಿಲಿಂದ, ಮಾತಾಡ್ತಾವ ಅಂದ ಕೂಡ್ಲೇ ಈ ಲೈನಿನಾಗ ಇದ್ದವ್ರು ಸಣ್ಣಗ ನಗ್ತಾರ. ಎಚ್‌ಟಿಟಿಪಿ (ವೆಬ್ ಮಾತಾಡೋ ಪದ್ಧತಿ) ಅಂದ್ರ ನಿಧಾನ, ಜೇಸನ್ (ಮಾಹಿತಿನ ಅಕ್ಷರದಾಗ ಬರದು ಕಳಿಸೋ ರೂಪ) ಅಂದ್ರ ಭಾರ, ಇದೆಲ್ಲಾ ಹೋಟೆಲ್ ಬುಕಿಂಗ್ ಮಾಡ್ಲಕ್ ಸರಿ, ಸಿಮ್ಯುಲೇಷನ್‌ಗಲ್ಲ ಅಂತ. ಕಲಬುರಗಿಯೊಳಗ ನಮ್ಮ ಕಾಲೇಜಿನ ಹುಡುಗ್ರ ಪ್ರಾಜೆಕ್ಟಿಗೂ ಇದೇ ತಕರಾರು ಬಂತು. "ಸರ್, ನೇರ ಸಾಕೆಟ್ ಹಾಕೂನಲ್ರಿ, ಲಗೂ ಆಗ್ತದ" ಅಂದ ಒಬ್ಬ (ಸಾಕೆಟ್ ಅಂದ್ರ ಎರಡು ಪ್ರೋಗ್ರಾಮಿನ ನಡುವ ನೇರ ಲೈನ್). "ನಿಂಗ ಎಷ್ಟ್ ಲಗೂ ಬೇಕು, ಮೊದ್ಲ ಅದನ್ನ ಹೇಳಪಾ" ಅಂದೆ. ಆ ಲೆಕ್ಕಾನೇ ಇಲ್ಲಿ ಬರೀಲಕತ್ತೀನಿ, ಯಾಕಂದ್ರ ಬಾಳ ಮಂದಿ ಈ ಲೆಕ್ಕ ಹಾಕದೇನೇ ವೆಬ್ ಸರ್ವಿಸ್ ಬೇಕು ಇಲ್ಲಾ ಬ್ಯಾಡ ಅಂತ ಜಗಳ ಆಡ್ತಾರ.

ಪ್ರಾಜೆಕ್ಟ್ ಏನಂದ್ರ ಭೀಮಾ ಹೊಳಿ ನೀರು ಎಲ್ಲಿಗಿ ಎಷ್ಟೊತ್ತಿಗಿ ಎಷ್ಟು ಬರ್ತದ ಅಂತ ಕಂಪ್ಯೂಟರಿನಾಗ ಲೆಕ್ಕ ಹಾಕೋದು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲಾದಾಗ ಉಜನಿ ಡ್ಯಾಂ ಅದ, ಅಲ್ಲಿಂದ ಬಿಟ್ಟ ನೀರು ಪಂಢರಪುರ ದಾಟಿ, ನಡುವ ನೀರಾ, ಸೀನಾ ಹೊಳಿ ಕೂಡಿಕೊಂಡು ನಮ್ಮ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿಗೆ ಬರ್ತದ, ಮುಂದ ಗಾಣಗಾಪುರ, ಸನ್ನತಿ, ಯಾದಗಿರ, ಆಮ್ಯಾಲ ಕೃಷ್ಣಾ. 2020ರ ಅಕ್ಟೋಬರ್‌ದಾಗ ಹೊಳಿ ಬಂದಾಗ ದಂಡಿ ಮ್ಯಾಲಿನ ಊರಿನವ್ರು ಏನೇನ್ ಅನುಭವಿಸಿದ್ರು ಅನ್ನೋದು ಈ ಕಡಿ ಎಲ್ಲಾರಿಗೂ ಗೊತ್ತದ. ಹೊಳಿ ದಂಡಿಗೆ ಹೊಲ ಇರೋ ನಮ್ಮ ಸೋದರಮಾವ ಈಗೂ ಫೋನ್ ಮಾಡಿದ್ರ ಮಳಿಗಾಲದಾಗ ಕೇಳೋದು ಒಂದೇ, "ಅಳಿಯಾ, ಮ್ಯಾಲ ಬಿಟ್ಟಾರಂತ, ನಮ್ಮಲ್ಲಿಗಿ ಎಷ್ಟೊತ್ತಿಗಿ ಬರ್ತದ?" ಖರೆ ಮುನ್ಸೂಚನೆ ಕೊಡೋ ಕೆಲಸ ಕೇಂದ್ರ ಜಲ ಆಯೋಗದ್ದು, ನಮ್ದು ಕಲೀಲಕ್ ಮಾಡಿದ ಆಟದ ಮಾಡೆಲ್, ಇದನ್ನ ನೋಡಿ ಯಾರೂ ಪಂಪ್‌ಸೆಟ್ ಕಿತ್ತಿಡಬ್ಯಾಡ್ರಿ.

ಈಗ ಎರಡು ಮಾಡೆಲ್, ಅಂದ್ರ ಹೊಳಿ ಲೆಕ್ಕ ಹಾಕೋ ಎರಡು ಪ್ರೋಗ್ರಾಂ, ಅಂತ ತಿಳ್ಕೋರಿ. ಉಜನಿಯಿಂದ ಸೊನ್ನದ ತನಕ ಒಂದು, ಸೊನ್ನದಿಂದ ಕೆಳಗ ಒಂದು. ಯಾಕ ಎರಡು ಅಂದ್ರ, ಹೊರಗಿನ ಜಗತ್ತಿನಾಗೂ ಅದು ಹಂಗೇ ಇರ್ತದ. ಮ್ಯಾಲಿನ ರಾಜ್ಯದ ಮಾಡೆಲ್ ಅವ್ರ ಮಷಿನ್‌ದಾಗ, ಅವ್ರ ಪ್ರೋಗ್ರಾಂ ಭಾಷಾದಾಗ, ಫೋರ್ಟ್ರಾನ್ ಇದ್ರೂ ಇರಬಹುದು, ಅದನ್ನ ಅವ್ರು ನಮಗ ಕೊಡಂಗಿಲ್ಲ, ನಾವೂ ನಮ್ದು ಕೊಡಂಗಿಲ್ಲ, ಆದ್ರ ಗಡಿ ಹತ್ರ ಎಷ್ಟು ನೀರು ಹರೀತು ಅನ್ನೋ ನಂಬರ್ ಕೊಡ್ಲಕ್ ಯಾರಿಗೂ ಅಡ್ಡಿ ಇಲ್ಲ. ವೆಬ್ ಸರ್ವಿಸ್ ಬೇಕಾಗೋದು ಇಲ್ಲೇ. ಫೈರ್‌ವಾಲ್ (ಹೊರಗಿನ ಸಂಪರ್ಕ ತಡಿಯೋ ಕಾವಲು) ದಾಟ್ತದ, ಯಾವ ಭಾಷಾದಿಂದ ಕರದ್ರೂ ನಡೀತದ, ಕೋಡ್ ಅವ್ರ ಮನ್ಯಾಗೇ ಉಳೀತದ.

"ಹೊಳಿ ಕೆಳಗೇ ಹರೀತದ, ಮ್ಯಾಲಿನ ಮಾಡೆಲ್ ಪೂರಾ ಓಡ್ಸಿ ಫೈಲ್ ಮೇಲ್ ಮಾಡಿದ್ರ ಮುಗೀತಲ್ಲ?" ಅಂತ ಕೇಳಬಹುದು. ಡ್ಯಾಮಿಗೆ ಗೇಟ್ ಇರ್ಲಿಲ್ಲಂದ್ರ ಹಂಗೇ ಮಾಡ್ಬಹುದಿತ್ತು. ಆದ್ರ ನೀರು ಕೆಳಗ ಹೋದ್ರ ಸುದ್ದಿ ಮ್ಯಾಲ ಹೋಗ್ತದ. ಕೆಳಗ ಮಟ್ಟ ಏರ್ತಂದ್ರ ಮ್ಯಾಲಿನವ್ರು ಗೇಟ್ ಇಳಿಸ್ಬಹುದು, ಇಳಿಸಿದ್ರ ಕೆಳಗಿನ ಲೆಕ್ಕ ಪೂರಾ ಬದಲಾಗ್ತದ. ಅದಕ್ಕ ಎರಡೂ ಮಾಡೆಲ್ ಜೋಡಿಯಾಗಿ ಓಡ್ಬೇಕು, ಯಾವುದೂ ಇನ್ನೊಂದರ ಟೈಮ್ ಮೀರಿ ಮುಂದ ಹೋಗಿ ಹಳೇ ನಂಬರ್ ಮ್ಯಾಲ ಲೆಕ್ಕ ಹಾಕಬಾರ್ದು.

ಈ ಸಮಸ್ಯಾಕ್ಕ ಉತ್ತರ ಹಳೇದು. 1970ರ ದಶಕದ ಕೊನಿಗೆ ಕಂಪ್ಯೂಟರ್ ವಿಜ್ಞಾನಿಗಳಾದ ಚಾಂಡಿ ಮತ್ತ ಮಿಶ್ರಾ (ಮಣಿ ಚಾಂಡಿ ಐಐಟಿ ಮದ್ರಾಸ್‌ದಾಗ ಓದಿದವ್ರು, ಜಯದೇವ ಮಿಶ್ರಾ ಐಐಟಿ ಕಾನ್ಪುರದಾಗ, ನಮ್ಮ ಹುಡುಗ್ರಿಗೆ ಇದನ್ನ ಹೇಳಿದ್ರ ಕಣ್ಣರಳಿಸ್ತಾರ), ಅವ್ರ ಹೊರತಾಗಿ ಬ್ರ್ಯಾಂಟ್ ಅನ್ನೋವ್ರು, ಒಂದೇ ವಿಚಾರ ಹೇಳಿದ್ರು. ಪ್ರತಿ ಮಾಡೆಲ್ ತನ್ನ ಪಕ್ಕದವ್ರಿಗೆ "ಇಷ್ಟೊತ್ತಿನ ತನಕ ನನ್ನಿಂದ ಹೊಸಾದೇನೂ ಬರಂಗಿಲ್ಲ" ಅಂತ ಮಾತು ಕೊಡ್ಬೇಕು, ಹೇಳ್ಲಕ್ ಏನೂ ಇಲ್ಲಂದ್ರೂ ಅಷ್ಟು ಹೇಳಿ ಖಾಲಿ ಮೆಸೇಜ್ ಕಳಿಸ್ಬೇಕು. ಎಷ್ಟು ಮುಂದಿನ ತನಕ ಮಾತು ಕೊಡಬಹುದು ಅನ್ನೋದೇ ಲುಕ್‌ಅಹೆಡ್. ಇದು ಸೊನ್ನೆ ಆದ್ರ ಎಲ್ಲಾರೂ ಒಬ್ಬರ ಮುಖ ಒಬ್ಬರು ನೋಡ್ಕೊಂತ ಕೂಡೋದೇ. 1985ರಾಗ ಜೆಫರ್ಸನ್ ಟೈಮ್ ವಾರ್ಪ್ ಅಂತ ಉಲ್ಟಾ ದಾರಿ ತೋರ್ಸಿದ್ರು, ಕಾಯದೇ ಓಡು, ತಪ್ಪಾದ್ರ ಹಿಂದಕ ಬಾ ಅಂತ, ಆದ್ರ ವೆಬ್ ಸರ್ವಿಸ್ ಮ್ಯಾಲ ಹಿಂದಕ ಬರೋದಂದ್ರ ಬ್ಯಾರೆಯವ್ರ ಸರ್ವರಿಗೂ ಫೋನ್ ಹಚ್ಚಿ ನೀವೂ ಹಿಂದಕ ಬರ್ರಿ ಅನ್ಬೇಕು, ನಂಗ ಅದು ಬ್ಯಾಡ.

ಭೀಮಾದ ಲುಕ್‌ಅಹೆಡ್ ಎಷ್ಟು? ನೀರು ಸೆಕೆಂಡಿಗೆ 2 ಮೀಟರ್ ಓಡಿದ್ರೂ ತಾಸಿಗೆ 7.2 ಕಿಲೋಮೀಟರ್, 100 ಕಿಲೋಮೀಟರ್ ಹರೀಲಕ್ ಸುಮಾರು 14 ತಾಸು. ಆದ್ರ ಈ ಸರಾಸರಿ ತಗೊಂಡ್ರ ನಡ್ಯಂಗಿಲ್ಲ, ಎಲ್ಲಕ್ಕಿಂತ ಲಗೂ ಅಂದ್ರ ಎಷ್ಟರಾಗ ಮೊದಲ ಹನಿ ಪರಿಣಾಮ ಮುಟ್ತದ ಅನ್ನೋದು ಬೇಕು.

ಇಲ್ಲೊಂದು ಮಜಾ ಅದ. ನಾವು ಬಳಸಿದ್ದು ಮಸ್ಕಿಂಗಮ್ ಪದ್ಧತಿ, 1930ರ ದಶಕದಾಗ ಅಮೆರಿಕದ ಒಹಾಯೋ ಕಡಿ ಅದೇ ಹೆಸರಿನ ಹೊಳಿ ಸಲುವಾಗಿ ಬಂದದ್ದು. ಹೊಳಿಯ ಒಂದು ತುಂಡಿನಿಂದ ಹೊರಗ ಬರೋ ನೀರು ಅಂದ್ರ ಮೂರು ನಂಬರಿನ ಮಿಶ್ರಣ: ಈಗಿನ ಒಳಹರಿವು, ಹಿಂದಿನ ಒಳಹರಿವು, ಹಿಂದಿನ ಹೊರಹರಿವು. ಮೂರರ ಪಾಲು ಕೂಡಿಸಿದ್ರ ಒಂದು ಆಗ್ಬೇಕು. ಈಗ ನೋಡ್ರಿ, 'ಈಗಿನ ಒಳಹರಿವು' ಅನ್ನೋ ಪಾಲು ಇತ್ತಂದ್ರ ಲೆಕ್ಕದ ಪ್ರಕಾರ ನೀರು ಅದೇ ಕ್ಷಣಕ್ಕ ಆ ದಂಡಿ ಮುಟ್ಟಿದಂಗ, ಅಂದ್ರ ಲುಕ್‌ಅಹೆಡ್ ಸೊನ್ನೆ! ಹೊಳಿ ನಿಧಾನ ಇದ್ರೂ ಸೂತ್ರ ನಿಧಾನ ಇಲ್ಲ. ಆದ್ರ ಆ ಪಾಲನ್ನ ಸೊನ್ನೆ ಮಾಡ್ಲಕ್ ಬರ್ತದ. ಟೈಮ್ ಸ್ಟೆಪ್ (ಲೆಕ್ಕ ಒಂದ್ಸಲಕ್ಕ ಎಷ್ಟು ಹೊತ್ತು ಮುಂದ ಹೋಗ್ತದ ಅನ್ನೋದು) ಅನ್ನ ಎರಡು ಗುಣಿಲೆ ಕೆ ಗುಣಿಲೆ ಎಕ್ಸ್ ಇಟ್ರ ಆಯ್ತು. ಒಂದು ತುಂಡು ದಾಟ್ಲಕ್ ಬೇಕಾದ ಹೊತ್ತು ಕೆ 2 ತಾಸು, ಎಕ್ಸ್ (ತುಂಡಿನಾಗ ತುಂಬಿದ ನೀರಿನ ಲೆಕ್ಕದಾಗ ಒಳಹರಿವಿಗೆ ಕೊಡೋ ತೂಕ) 0.25 ಅಂತ ತಗೊಂಡ್ರ ಸ್ಟೆಪ್ ಸರಿಯಾಗಿ 1 ತಾಸು, ಉಳಿದ ಎರಡು ಪಾಲು ಅರ್ಧ ಅರ್ಧ. ಅಂದ್ರ ಮುಂದಿನ ತಾಸಿನ ಹೊರಹರಿವು = ಈ ತಾಸಿನ ಒಳಹರಿವಿನ ಅರ್ಧ + ಈ ತಾಸಿನ ಹೊರಹರಿವಿನ ಅರ್ಧ. ಇಷ್ಟೇ, ಐದನೇ ಕ್ಲಾಸಿನ ಹುಡುಗ್ರೂ ಮಾಡ್ತಾವ.

ಇಂಥ ಆರು ತುಂಡು ಸಾಲಾಗಿ ಇಟ್ರ ಒಟ್ಟು 12 ತಾಸಿನ ದಾರಿ, ಆದ್ರ ಮೊದಲ ಪರಿಣಾಮ 6 ತಾಸಿಗೆ ಮುಟ್ತದ. ಮ್ಯಾಲ ಒಮ್ಮಿಗಿ 1 ಲಕ್ಷ ಕ್ಯೂಸೆಕ್ ಏರಿಸಿದ್ರ ಆರನೇ ತಾಸಿಗೆ ಕೆಳಗ ಕಾಣೋದು ಅದರ 64ನೇ ಒಂದು ಪಾಲು, ಸುಮಾರು 1,560 ಕ್ಯೂಸೆಕ್, ಆಮ್ಯಾಲ ಏರ್ಕೊಂತ ಹೋಗ್ತದ. ಹಂಗಾಗಿ 6 ತಾಸಿನ ಲುಕ್‌ಅಹೆಡ್ ಖಾತ್ರಿ ಅದ. ಉಲ್ಟಾ ದಿಕ್ಕಿಗೆ, ಗೇಟ್ ನಿರ್ಧಾರ ಮಾಡೆಲ್‌ನಾಗ 3 ತಾಸಿಗೊಮ್ಮೆ ಅಂತ ಇಟ್ಟೀವಿ. ಬೆಳಿಗ್ಗೆ 9ಕ್ಕ ಮ್ಯಾಲಿನ ಮಾಡೆಲ್ ಗೇಟ್ ನಿರ್ಧಾರ ಮಾಡಿತಂದ್ರ ಮಧ್ಯಾಹ್ನ 12ರ ತನಕ ಬಿಡೋ ನೀರು ಗೊತ್ತಾದಂಗ, ಸೊನ್ನಕ್ಕ ಸಂಜಿ 6ರ ತನಕ ಬರೋದು ಗೊತ್ತಾದಂಗ. ಕೆಳಗಿನದು ಸಂಜಿ ತನಕ ಯಾರ್ನೂ ಕೇಳದಂಗ ಓಡಬಹುದು, ಮ್ಯಾಲಿನದು 12ಕ್ಕ ಒಂದ್ಸಲ ಕೆಳಗಿನ ಮಟ್ಟ ಕೇಳಿದ್ರ ಸಾಕು.

ಈಗ ಹುಡುಗನ ಪ್ರಶ್ನೆಗೆ ಬರೂನು. ದಿನಕ್ಕ 8 ಸುತ್ತು, 10 ದಿನದ ಮಹಾಪೂರಕ್ಕ 80 ಸುತ್ತು, ಸುತ್ತಿಗೆ ಸರ್ವಿಸಿಗೆ ಎರಡು ಕರೆ ಅಂದ್ರ 160. ಒಂದೊಂದು ಕರೆ ಅರ್ಧ ಸೆಕೆಂಡ್ ತಗೊಂಡ್ರೂ, ಅದು ಬಾಳ ಸುಸ್ತಾದ ಸರ್ವರ್ ಆಯ್ತು, ಒಟ್ಟು 80 ಸೆಕೆಂಡ್. ಅದೇ ನೀವು ಪ್ರತಿ ಸೆಕೆಂಡಿಗೆ ಮಾತಾಡ್ಸಿದ್ರ 8,64,000 ಸುತ್ತು, ಸುತ್ತಿಗೆ ಒಂದು ಸೆಕೆಂಡ್, ಅಂದ್ರ 10 ದಿನದ ಮಹಾಪೂರದ ಲೆಕ್ಕಕ್ಕ ಸರಿಯಾಗಿ 10 ದಿನ. ಅಷ್ಟೊತ್ತಿಗೆ ನೀರು ಬಂದು ಹೋಗಿರ್ತದ. ಸಾಕೆಟ್ ಹಾಕಿದ್ರ ಇದು ಕಡಿಮಿ ಆಗ್ತದ ಖರೆ, ಆದ್ರ ಸೆಕೆಂಡಿಗೊಮ್ಮೆ ಮಾತಾಡೋ ಅವಶ್ಯಕತಾನೇ ಈ ಹೊಳಿಗೆ ಇರ್ಲಿಲ್ಲ.

ವೇಗ ಬೇಕಾದ ಕಡಿ ಬೇಕೇ ಬೇಕು, ಅದನ್ನೂ ಹೇಳ್ಬೇಕು. ಈ ಹಂಚಿದ ಸಿಮ್ಯುಲೇಷನ್ ಬೆಳದದ್ದೇ ಅಮೆರಿಕದ ಮಿಲಿಟರಿಯಿಂದ. 1980ರ ದಶಕದ ಸಿಮ್‌ನೆಟ್‌ದಾಗ (ಸೈನಿಕರ ತರಬೇತಿ ಜಾಲ) ಒಬ್ಬ ಒಂದೂರಾಗ ಕುಂತು ಕಂಪ್ಯೂಟರಿನಾಗಿನ ಟ್ಯಾಂಕ್ ಓಡಿಸ್ತಿದ್ದ, ಇನ್ನೊಬ್ಬ ಇನ್ನೊಂದೂರಾಗ, ಅಲ್ಲಿ ಅರ್ಧ ಸೆಕೆಂಡ್ ತಡ ಆದ್ರ ಗುಂಡು ತಪ್ಪಿದಂಗೇ. ಅದರಿಂದ ಸಿಮ್ಯುಲೇಷನ್ ಜೋಡ್ಸೋ ನಿಯಮಗಳು ಹುಟ್ಟಿದ್ವು, ಮೊದ್ಲ ಡಿಐಎಸ್ ಬಂತು, ಆಮ್ಯಾಲ ಎಚ್‌ಎಲ್‌ಎ, 2000ದಾಗ ಐಟ್ರಿಪಲ್‌ಇ 1516 ಅಂತ ಸ್ಟ್ಯಾಂಡರ್ಡ್ ಆಯ್ತು, 2010ರ ಆವೃತ್ತಿಯೊಳಗ ವೆಬ್ ಸರ್ವಿಸ್ ಮೂಲಕ ಕೂಡೋ ದಾರೀನೂ ಇಟ್ರು. ಮಿಲಿಟರಿಯವ್ರೇ ಬಾಗಿಲು ತೆಗದಾರಂದ್ರ ನಮ್ಮ ಹೊಳಿಗೇನ್ ಅಡ್ಡಿ.

ನಂಗ ಇದರಾಗ ಬಾಳ ತಲಿ ತಿಂದದ್ದು ವೇಗ ಅಲ್ಲ, ರಿಟ್ರೈ, ಅಂದ್ರ ಉತ್ತರ ಬರ್ಲಿಲ್ಲಂದ್ರ ಮತ್ತ ಕೇಳೋದು. ನೀವು ಸರ್ವಿಸಿಗೆ "3 ತಾಸು ಮುಂದ ಹೋಗು" ಅಂದ್ರಿ, ಅದು ಹೋಯ್ತು, ಉತ್ತರ ಬರೋದ್ರಾಗ ಇಲ್ಲಿ ಕರೆಂಟ್ ಹೋಗಿ ರೂಟರ್ ಬಂದ್ ಆಯ್ತು (ಏಪ್ರಿಲ್‌ದಾಗ ನಮ್ಮೂರಾಗ ಇದೇನ್ ದೊಡ್ಡ ಮಾತಲ್ಲ). ಕೇಳಿದ ಪ್ರೋಗ್ರಾಂ ಉತ್ತರ ಬರ್ಲಿಲ್ಲಂತ ಮತ್ತ ಅದೇ ಮಾತು ಕಳಿಸ್ತದ, ಮಾಡೆಲ್ 6 ತಾಸು ಮುಂದ ಹೋಗಿ ಕುಂದರ್ತದ, ಯಾವ ಎರರೂ ಬರಂಗಿಲ್ಲ, ಗ್ರಾಫ್ ನೋಡಿದ್ರ ನೀರು ಒಂದು ಹೊತ್ತು ಮೊದ್ಲೇ ಬಂದಂಗ ಕಾಣ್ತದ. ಅದಕ್ಕ "12 ಗಂಟೆ ತನಕ ಹೋಗು" ಅಂತ ಅನ್ಬೇಕು. ಹತ್ತು ಸಲ ಹೇಳಿದ್ರೂ 12ಕ್ಕೇ ನಿಂತಿರ್ತದ. ಒಂದು ಓಟಕ್ಕ ಒಂದು ನಂಬರ್, ಪ್ರತಿ ಕರೆಯೊಳಗ ಆ ನಂಬರ್, ಪ್ರತಿ ಸುತ್ತಿಗೆ ಮಾಡೆಲ್ ಸ್ಥಿತಿ ಡಿಸ್ಕಿಗೆ ಬರದಿಡೋದು, ಇಷ್ಟಿದ್ರ ಕರೆಂಟ್ ಹೋದ್ರೂ ಪರವಾಗಿಲ್ಲ.

ಇನ್ನ ಯೂನಿಟ್. ನಮ್ಮ ಪೇಪರಿನಾಗ ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ), ಮಾಡೆಲ್‌ನಾಗ ಕ್ಯೂಮೆಕ್ (ಸೆಕೆಂಡಿಗೆ ಘನ ಮೀಟರ್), 35.3 ಪಟ್ಟು ಫರಕ. ಟೈಮು ಯುಟಿಸಿನೋ (ಜಗತ್ತಿಗೆಲ್ಲಾ ಒಂದೇ ಇರೋ ಟೈಮು) ಐಎಸ್‌ಟಿನೋ ಬರೀದಿದ್ರ ಐದೂವರೆ ತಾಸಿನ ಫರಕ, ಅಂದ್ರ ನಮ್ಮ ಲುಕ್‌ಅಹೆಡ್ ಹೆಚ್ಚುಕಮ್ಮಿ ಪೂರಾ ನುಂಗಿದಂಗೇ. ಪ್ರತಿ ನಂಬರ್ ಜೋಡಿ ಯೂನಿಟ್ ಕಳಿಸ್ರಿ, ಜೇಸನ್ ಎರಡು ಅಕ್ಷರ ದಪ್ಪ ಆದ್ರ ಆಗ್ಲಿ.

ಸೀನಾ ಸೇರಿಸೋದು ಬಾಕಿ ಅದ, ಅದು ನಡುವ ಬಂದು ಕೂಡ್ತದ, ಅದಕ್ಕ ಸೊನ್ನದ ತನಕ ತುಂಡು ಕಡಿಮಿ, ಲುಕ್‌ಅಹೆಡ್ಡೂ ಕಡಿಮಿ, ಆದ್ರ ನಡೀತದ. ನಡೀಲಾರದ್ದು ಯಾದಗಿರದಿಂದ ಕೆಳಗ, ಭೀಮಾ ಕೃಷ್ಣಾಕ್ಕ ಕೂಡೋ ಕಾಡ್ಲೂರ ಕಡಿ. ಕೃಷ್ಣಾ ತುಂಬಿದ್ರ ಭೀಮಾದ ನೀರು ಹಿಂದಕ ಒತ್ತಿ ನಿಲ್ತದ, ಅಲ್ಲಿ ಮ್ಯಾಲ ಕೆಳಗ ಅಂತಿಲ್ಲ, ಎರಡೂ ಒಂದಕ್ಕೊಂದು ಪ್ರತಿ ಸ್ಟೆಪ್ಪಿಗೂ ಬೇಕು, ಮಸ್ಕಿಂಗಮ್ಮೂ ಅಲ್ಲಿ ಕೆಲಸಕ್ಕ ಬರಂಗಿಲ್ಲ. ಆ ತುಂಡನ್ನ ಎರಡು ಸರ್ವಿಸಿಗೆ ಹಂಚೋದು ಬ್ಯಾಡ, ಒಂದೇ ಪ್ರೋಗ್ರಾಮಿನಾಗ ಇಟ್ಟು, ಹೊರಗಿನವ್ರಿಗೆ ಒಂದೇ ಸರ್ವಿಸ್ ಆಗಿ ತೋರ್ಸಿ ಅಂತ ಹುಡುಗ್ರಿಗೆ ಹೇಳೀನಿ.