ಗುಳೆ ಹೋದವರು ಯಾವ ಊರಿನ ಲೆಕ್ಕಕ್ಕೆ?

ಹತ್ತಿ ಮಿಲ್ಲುಗಳಿಂದಾಗಿ ದಾವಣಗೆರೆಗೆ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಈಗಿನ ಹುಡುಗರನ್ನು ಕೇಳಿ ನೋಡಿ, ಬೆಣ್ಣೆ ದೋಸೆ ಎನ್ನುತ್ತಾರೆ, ಇಲ್ಲವೇ ಮೆಡಿಕಲ್ ಕಾಲೇಜು, ಇಂಜಿನಿಯರಿಂಗ್ ಕಾಲೇಜು ಎನ್ನುತ್ತಾರೆ. ಕಾಟನ್ ಮಿಲ್ಲಿನ ನೆನಪಿಗೆ ಡಿಸಿಎಂ (ದಾವಣಗೆರೆ ಕಾಟನ್ ಮಿಲ್) ಟೌನ್‌ಶಿಪ್ ಎಂಬ ಬಡಾವಣೆಯ ಹೆಸರು ಉಳಿದಿದೆ, ಅಷ್ಟೇ. ಅಂದಹಾಗೆ ಆ ದೋಸೆಯನ್ನು ಈ ಊರಿಗೆ ತಂದವರು ಬೆಳಗಾವಿ ಕಡೆಯಿಂದ ಹೊಟ್ಟೆಪಾಡಿಗೆ ಮಕ್ಕಳನ್ನು ಕಟ್ಟಿಕೊಂಡು ಬಂದ ಒಬ್ಬ ತಾಯಿ ಎಂದು ಇಲ್ಲಿಯವರು ಹೇಳುತ್ತಾರೆ. ಊರು ಬಿಟ್ಟು ಬಂದವರ ಕೈಯಲ್ಲೇ ಈ ಊರು ಬೆಳೆದಿದೆ.

ನಮ್ಮಪ್ಪನೂ ಹಾಗೇ ಬಂದವರು. ಜಗಳೂರು ತಾಲ್ಲೂಕಿನ ಒಣ ಹೊಲ ಬಿಟ್ಟು ಬಂದು ಇಲ್ಲಿನ ಒಂದು ಮಿಲ್ಲಿಗೆ ಸೇರಿದರು. ಮೊದಲು ಬದಲಿ ಕೆಲಸ, ಅಂದರೆ ಯಾರಾದರೂ ರಜೆ ಹಾಕಿದರೆ ಮಾತ್ರ ಕೂಲಿ. ಆಮೇಲೆ ಕಾಯಂ ಆಯಿತು. ಆ ಕೆಲಸ ಸುಖದ್ದೇನೂ ಅಲ್ಲ. ಹತ್ತಿ ಧೂಳು ಎದೆಯೊಳಗೆ ಹೋಗುತ್ತಿತ್ತು, ರಾತ್ರಿ ಪಾಳಿ ಮುಗಿಸಿ ಬಂದವರು ಹಗಲೆಲ್ಲ ಕೆಮ್ಮುತ್ತಿದ್ದರು, ಮಗ್ಗದ ಸದ್ದಿಗೆ ಕಿವಿ ಮಂದವಾಗುತ್ತಿತ್ತು. ಆದರೆ ಮೂರು ಪಾಳಿಯ ಜನ ಒಂದೇ ಗೇಟಿನ ಮುಂದೆ ನಿಲ್ಲುತ್ತಿದ್ದರು. ಒಬ್ಬನಿಗೆ ಅನ್ಯಾಯವಾದರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಹಾಗೆ ಯೂನಿಯನ್ ಬೆಳೆಯಿತು, ಬೋನಸ್ ಬಂತು, ಪಿಎಫ್ ಬಂತು, ಮಕ್ಕಳನ್ನು ಶಾಲೆಗೆ ಹಾಕುವ ಧೈರ್ಯ ಬಂತು. ಕಾರ್ಮಿಕ ನಾಯಕ ಪಂಪಾಪತಿಯವರನ್ನು ಕಮ್ಯುನಿಸ್ಟ್ ಪಕ್ಷದಿಂದ 1978, 1983, 1985, ಹೀಗೆ ಮೂರು ಸಲ ಈ ಊರು ವಿಧಾನಸಭೆಗೆ ಕಳಿಸಿತು ಅಂದರೆ ಆ ಗೇಟುಗಳಿಗೆ ಎಷ್ಟು ಬಲ ಇತ್ತು ಅಂತ ಲೆಕ್ಕ ಹಾಕಿ.

ಆಮೇಲೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಅಪ್ಪನ ಮಿಲ್ಲೂ ಮುಚ್ಚಿತು, ಬರಬೇಕಾದ ದುಡ್ಡಿಗೆ ವರ್ಷಗಟ್ಟಲೆ ಅಲೆದರು. ಯೂನಿಯನ್ನಿನವರ ಗಲಾಟೆಯಿಂದಲೇ ಮಿಲ್ಲು ಹಾಳಾದವು ಎಂದು ಈಗಲೂ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಂತ್ರಗಳು ಹಳೆಯವು, ಮಾಲೀಕರು ಹೊಸದಕ್ಕೆ ದುಡ್ಡು ಹಾಕಲಿಲ್ಲ, ಪಾಲಿಸ್ಟರ್ ಬಟ್ಟೆ ಬಂತು, ಸಣ್ಣ ಶೆಡ್ಡುಗಳ ಕರೆಂಟ್ ಮಗ್ಗ, ಅಂದರೆ ಪವರ್‌ಲೂಮ್ ಬಂತು. 1985ರ ಜವಳಿ ನೀತಿಯೂ ಪವರ್‌ಲೂಮಿಗೇ ಅನುಕೂಲವಾಯಿತು. ಮುಂಬೈಯಲ್ಲಿ 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಮುಷ್ಕರಕ್ಕೆ ಇಳಿದರು, ಎಷ್ಟೋ ಮಿಲ್ಲುಗಳು ಮತ್ತೆ ತೆರೆಯಲೇ ಇಲ್ಲ. ಹಾಗಂತ ದೇಶದಲ್ಲಿ ಬಟ್ಟೆ ನೇಯುವುದು ನಿಂತಿತಾ? ಜಾಸ್ತಿಯೇ ಆಯಿತು. ಸೂರತ್, ಭಿವಂಡಿ ಕಡೆಯ ಸಣ್ಣ ಸಣ್ಣ ಶೆಡ್ಡುಗಳಿಗೆ ಹೋಯಿತು. ಅಲ್ಲಿ ಮಗ್ಗ ನಡೆಸುವವರಲ್ಲಿ ಒಡಿಶಾದವರು, ಉತ್ತರ ಪ್ರದೇಶದವರು ಬೇಕಾದಷ್ಟು. ನೇಯ್ದ ಮೀಟರಿಗಿಷ್ಟು ಎಂದು ಕೂಲಿ, ಹನ್ನೆರಡು ಗಂಟೆ ಪಾಳಿ. ಒಂದೇ ಊರಲ್ಲಿ ನೆಲೆ ನಿಂತು ಮಾತಾಡಲು ಕಲಿತವರ ಕೈಯಿಂದ ಕೆಲಸ ಕಿತ್ತು, ಊರು ಬಿಟ್ಟು ಬಂದು ಬಾಯಿ ಮುಚ್ಚಿಕೊಂಡಿರಬೇಕಾದವರ ಕೈಗೆ ಕೊಟ್ಟರು. ಬಂಡವಾಳಕ್ಕೆ ಎಲ್ಲಿ ಬೇಕಾದರೂ ಹೋಗಲು ರಜೆ ಚೀಟಿ ಬೇಡ. ಅದರ ಹಿಂದೆ ಓಡುವುದು ಮನುಷ್ಯರ ಪಾಡು.

ಇದು ಇವತ್ತಿನ ಕಥೆಯೂ ಅಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದಾಗ ಇಂಗ್ಲೆಂಡಿನ ನಿಜವಾದ ಮ್ಯಾಂಚೆಸ್ಟರಿಗೆ ಗುಲಾಮರು ಬೆಳೆದ ಹತ್ತಿ ಬರುವುದು ನಿಂತಿತು. ಅಲ್ಲಿನ ಕಾರ್ಮಿಕರು ಉಪವಾಸ ಬಿದ್ದರು, ಇಲ್ಲಿ ಧಾರವಾಡ ಸೀಮೆಯ ಹತ್ತಿಗೆ ಇದ್ದಕ್ಕಿದ್ದಂತೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿದದ್ದೇ ಬೆಲೆ ಬಿತ್ತು. ಕರಿಮಣ್ಣಿನ ಹೊಲದಲ್ಲಿ ಬಗ್ಗಿ ಹತ್ತಿ ಬಿಡಿಸುವ ಹೆಂಗಸಿನ ಕೂಲಿಯನ್ನು ಅವಳು ಕಣ್ಣಲ್ಲೂ ನೋಡದ ಊರಿನವರು ತೀರ್ಮಾನಿಸುವುದು ಆಗಲೇ ಶುರುವಾಗಿತ್ತು.

ಈಗ ನಮ್ಮ ಜಗಳೂರು ಕಡೆ ಬನ್ನಿ. ಮೊಳಕಾಲ್ಮುರು, ಚಳ್ಳಕೆರೆ ಕಡೆಯೂ ಇದೇ ಪಾಡು. ಭದ್ರಾ ನಾಲೆ ಹರಿದ ಕಡೆ ಭತ್ತ, ಅಡಿಕೆ. ಹರಿಯದ ಕಡೆ ಮಳೆ ಬಂದರೆ ಮೆಕ್ಕೆಜೋಳ, ಶೇಂಗಾ, ಬರದಿದ್ದರೆ ಗುಳೆ. ದೀಪಾವಳಿ ಕಳೆದ ಮೇಲೆ ತಾಂಡಾಗಳಿಗೆ ಮೇಸ್ತ್ರಿ ಬರುತ್ತಾನೆ, ಮುಂಗಡ ಕೊಡುತ್ತಾನೆ, ಟೆಂಪೋ ತುಂಬಿಸಿಕೊಂಡು ಚಿಕ್ಕಮಗಳೂರಿಗೋ ಕೊಡಗಿಗೋ ಕಾಫಿ ಬಿಡಿಸಲು, ಮಂಡ್ಯದ ಕಡೆ ಕಬ್ಬು ಕಡಿಯಲು ಕರೆದುಕೊಂಡು ಹೋಗುತ್ತಾನೆ. ಮುಂಗಡ ಈಸಿಕೊಂಡ ಮೇಲೆ ಕೂಲಿ ಎಷ್ಟು ಎಂದು ಜಗ್ಗಾಡುವುದು ಎಲ್ಲಿಂದ ಬಂತು? ಆ ದುಡ್ಡು ಮಗಳ ಮದುವೆ ಸಾಲಕ್ಕೋ ಬೋರ್‌ವೆಲ್ ಸಾಲಕ್ಕೋ ಆಗಲೇ ಹೋಗಿರುತ್ತದೆ. ತೋಟದ ಲೈನ್ ಮನೆಗಳಲ್ಲಿ ವಾಸ. ಯುಗಾದಿಗೆ ವಾಪಸ್. ಗಟ್ಟಿ ಹುಡುಗರು ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ಅಲ್ಲೇ ಕಟ್ಟುವ ಬಿಲ್ಡಿಂಗಿನ ಪಕ್ಕ ತಗಡಿನ ಶೆಡ್ಡಲ್ಲಿ ಇರುತ್ತಾರೆ.

ನನಗೆ ಮನಸ್ಸು ಸುಡುವುದು ಇಲ್ಲಿ. ಒಬ್ಬ ಹುಡುಗನನ್ನು ಹೆತ್ತು, ಸಾಕಿ, ಅನ್ನ ಹಾಕಿ ಹದಿನೆಂಟು ವರ್ಷಕ್ಕೆ ತರುವ ಖರ್ಚೆಲ್ಲ ಊರಿನದು. ಅವನ ಸೊಂಟ ಗಟ್ಟಿ ಇರುವಷ್ಟು ವರ್ಷದ ದುಡಿಮೆ ಮಾತ್ರ ತೋಟಕ್ಕೆ, ಕಂಪನಿಗೆ, ನಗರಕ್ಕೆ. ಮೇಲಿಂದ ಬಿದ್ದು ಸೊಂಟ ಮುರಿದರೆ ಮತ್ತೆ ಊರಿಗೆ. ವಯಸ್ಸಾದರೆ ಊರಿಗೆ. ಅಷ್ಟರಲ್ಲಿ ಅವನ ಮಕ್ಕಳನ್ನು ನೋಡಿಕೊಂಡದ್ದು ಊರಲ್ಲಿ ಉಳಿದ ಅಜ್ಜಿ, ಅದೂ ಅವಳ ಪಿಂಚಣಿ ದುಡ್ಡಲ್ಲಿ. ಕೂಲಿ ಅಗ್ಗ, ಅದಕ್ಕೇ ಉದ್ಯಮ ಬೆಳೆಯುತ್ತದೆ ಎನ್ನುತ್ತಾರಲ್ಲ, ಆ ಅಗ್ಗದ ಉಳಿದರ್ಧವನ್ನು ಕಟ್ಟುತ್ತಿರುವವಳು ಅವಳು. ಯಾವ ಕಂಪನಿಯ ಲೆಕ್ಕದ ಪುಸ್ತಕದಲ್ಲೂ ಅವಳ ಹೆಸರಿಲ್ಲ.

ಸರ್ಕಾರದ ಲೆಕ್ಕದಲ್ಲೂ ಇವರು ಸಿಗುವುದು ಕಷ್ಟ. 2011ರ ಜನಗಣತಿ ಪ್ರಕಾರ ದೇಶದಲ್ಲಿ ವಲಸೆ ಹೋದವರು 45 ಕೋಟಿಗೂ ಹೆಚ್ಚು. ಅದರಲ್ಲಿ ದೊಡ್ಡ ಪಾಲು ಮದುವೆಯಾಗಿ ಗಂಡನ ಊರಿಗೆ ಹೋದ ಹೆಂಗಸರು. ನಾಲ್ಕೈದು ತಿಂಗಳು ಹೋಗಿ ಬರುವವರು ಆ ಲೆಕ್ಕದಲ್ಲಿ ಹೆಚ್ಚಾಗಿ ಜಾರಿಹೋಗುತ್ತಾರೆ. ವಲಸೆ ಕಾರ್ಮಿಕರಿಗೆ ಅಂತ 1979ರಲ್ಲಿ ಒಂದು ಕಾನೂನು ಬಂತು: ಗುತ್ತಿಗೆದಾರನಿಗೆ ಲೈಸೆನ್ಸ್, ಕೆಲಸಗಾರನಿಗೆ ಪಾಸ್‌ಬುಕ್, ಹೋಗಿಬರುವ ಖರ್ಚು, ಇರಲು ಜಾಗ. ಓದಿದರೆ ಖುಷಿಯಾಗುತ್ತದೆ. ಆದರೆ ಅದು ರಾಜ್ಯ ದಾಟಿ ಹೋದವರಿಗೆ ಮಾತ್ರ ಇತ್ತು. ಅದರ ಜಾಗಕ್ಕೆ ಬಂದ 2020ರ ಹೊಸ ಕಾರ್ಮಿಕ ಸಂಹಿತೆಯಲ್ಲೂ ಅಂತರರಾಜ್ಯ ಎಂದೇ ಇದೆ. ಅಂದರೆ ಜಗಳೂರಿನಿಂದ ಮಡಿಕೇರಿಗೆ ಹೋದವಳು ಈ ಕಾನೂನಿನ ಕಣ್ಣಿಗೆ ವಲಸೆ ಕಾರ್ಮಿಕಳೇ ಅಲ್ಲ!

2020ರ ಲಾಕ್‌ಡೌನ್ ನೆನಪಿದೆ ಅಲ್ವಾ? ಮೇ ತಿಂಗಳಲ್ಲಿ ಬಿಲ್ಡರ್‌ಗಳ ಜೊತೆ ಸಭೆಯಾದ ಬೆನ್ನಲ್ಲೇ ನಮ್ಮ ರಾಜ್ಯ ಸರ್ಕಾರ ಹೊರ ರಾಜ್ಯದ ಕೆಲಸಗಾರರ ರೈಲುಗಳನ್ನು ನಿಲ್ಲಿಸಲು ಹೊರಟಿತು. ದೊಡ್ಡ ವಿರೋಧ ಬಂದ ಮೇಲೆ ಮತ್ತೆ ಬಿಟ್ಟಿತು. ಊರಿಗೆ ಹೋಗುತ್ತೇನೆ ಎಂದ ಮನುಷ್ಯನನ್ನು, ಬಿಲ್ಡಿಂಗ್ ಕೆಲಸ ನಿಲ್ಲುತ್ತದೆ ಎಂದು ಹಿಡಿದಿಡಲು ನೋಡಿದ್ದನ್ನು ನಾನಂತೂ ಮರೆಯುವುದಿಲ್ಲ.

ಈಗ ದಾವಣಗೆರೆಯ ಅಕ್ಕಿ ಗಿರಣಿಗಳಲ್ಲಿ, ಕಟ್ಟಡ ಕೆಲಸದಲ್ಲಿ ಬಿಹಾರದ ಹುಡುಗರು ಕಾಣುತ್ತಾರೆ. ನಮ್ಮವರ ಕೆಲಸ ಕಿತ್ತುಕೊಂಡರು ಎಂದು ಟೀ ಅಂಗಡಿಯಲ್ಲಿ ಬೈಯುವುದನ್ನು ಕೇಳುತ್ತಿರುತ್ತೇನೆ. ಅದೇ ಹೊತ್ತಿಗೆ ನಮ್ಮ ಹುಡುಗರನ್ನು ಬೆಂಗಳೂರಲ್ಲಿ ಇನ್ಯಾರೋ ಬೈಯುತ್ತಿರುತ್ತಾರೆ. ಆ ಹುಡುಗ ಗಿರಣಿಯಲ್ಲೇ ಮಲಗುತ್ತಾನೆ, ರಾತ್ರಿ ಲೋಡ್ ಬಂದರೂ ಏಳುತ್ತಾನೆ, ಹಬ್ಬಕ್ಕೆ ರಜೆ ಕೇಳುವುದಿಲ್ಲ. ಅವನನ್ನು ಇಟ್ಟುಕೊಳ್ಳುವುದು ಅದಕ್ಕೇ. ಜಗಳ ಮಾಡಬೇಕಾದ್ದು ಅವನ ಜೊತೆ ಅಲ್ಲ.

ಗುಳೆ ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ನಮ್ಮಪ್ಪ ಊರು ಬಿಡದಿದ್ದರೆ ನಾನು ಓದುತ್ತಿರಲಿಲ್ಲ. ಬೇರೆ ದಾರಿಯೇ ಇಲ್ಲದೆ ಸಾಲಕ್ಕೆ ಸಿಕ್ಕು ಹೋಗುವುದು ತಪ್ಪಬೇಕು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರಿಗಾಗಿ ಚಿತ್ರದುರ್ಗ, ಜಗಳೂರಿನ ಜನ ಎಷ್ಟು ವರ್ಷದಿಂದ ಹೋರಾಡುತ್ತಿದ್ದಾರೆ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯೂ ಆಯಿತು. ಆ ನೀರು ಬರುವುದು ಬಂದಾಗ ಬರಲಿ, ಹೋರಾಟ ಬಿಡುವುದು ಬೇಡ. ಅಲ್ಲಿಯವರೆಗೆ ಪಂಚಾಯಿತಿಯಿಂದಲೇ ಆಗುವ ಕೆಲಸಗಳಿವೆ. ಯಾವ ಮನೆಯವರು ಯಾವ ಮೇಸ್ತ್ರಿ ಜೊತೆ, ಯಾವ ತೋಟಕ್ಕೆ, ಎಷ್ಟು ಮುಂಗಡಕ್ಕೆ ಹೋದರು ಎಂದು ಒಂದು ರಿಜಿಸ್ಟರ್ ಇಡಲು ಕೋಟಿಗಟ್ಟಲೆ ದುಡ್ಡು ಬೇಕಾ? ತಂದೆ ತಾಯಿ ಕಾಫಿ ಸೀಮೆಗೆ ಹೋದಾಗ ಮಕ್ಕಳು ಇಲ್ಲೇ ಉಳಿದು ಶಾಲೆಗೆ ಹೋಗಲು ಒಂದು ಹಾಸ್ಟೆಲ್ಲು, ರಾತ್ರಿ ಊಟ, ನೋಡಿಕೊಳ್ಳಲು ಇಬ್ಬರು ಹೆಂಗಸರು. ಇಷ್ಟನ್ನು ದೀಪಾವಳಿಗೆ ಮುಂಚೆ, ಟೆಂಪೋಗಳು ಹೊರಡುವುದರೊಳಗೆ ನಡೆಯುವ ಗ್ರಾಮಸಭೆಯಲ್ಲಿ ಕೇಳಬೇಕು. ನಿಮ್ಮೂರಲ್ಲಿ ನೀವೂ ಕೇಳಿ.